ಮಣ್ಣಿನ ಹೊಟ್ಟೆಯೊಳಗಿನ ಅಕ್ಷರ

"ಬೆಂಗಳೂರಿಗೆ ವಯಸ್ಸೆಷ್ಟು?" ಅಂತ ನಿಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಮ್ಮೆ ಕೇಳಿ ನೋಡಿ. ಒಬ್ಬರು ಐಟಿ ಬಂದ ಮೇಲಿನ ಮೂವತ್ತು ನಲವತ್ತು ವರ್ಷ ಲೆಕ್ಕ ಹಾಕ್ತಾರೆ. ಶಾಲೆಯ ಪಾಠ ನೆನಪಿರುವವರು ಕೆಂಪೇಗೌಡರ ಹೆಸರು ಹೇಳಿ 1537 ಅಂತಾರೆ. ಇತಿಹಾಸದ ಹುಚ್ಚು ಸ್ವಲ್ಪ ಹಿಡಿದವರು ಯಾರಾದರೂ ಇದ್ದರೆ ಬೇಗೂರಿನ ವೀರಗಲ್ಲಿನ ಮಾತೆತ್ತುತ್ತಾರೆ. ಸುಮಾರು ಕ್ರಿ.ಶ. 890ರ ಆ ಕಲ್ಲಿನಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಕಾಳಗದ ಪ್ರಸ್ತಾಪ ಇದೆ. ಅಲ್ಲಿಗೆ ಚರ್ಚೆ ಮುಗಿದು ಎಲ್ಲರೂ ಕಾಫಿ ಲೋಟ ಕೆಳಗಿಟ್ಟು ಏಳ್ತಾರೆ.

ಆ ಚರ್ಚೆಯನ್ನು ಇನ್ನೂ ಕೆಲವು ಶತಮಾನ ಹಿಂದಕ್ಕೆ ಎಳೆಯೋಣ ಅಂತ ಇದನ್ನ ಬರೀತಿದ್ದೀನಿ. ಅದಕ್ಕೆ ನಾವು ಹೋಗಬೇಕಾದ ಜಾಗ ರಾಜಘಟ್ಟ. ದೊಡ್ಡಬಳ್ಳಾಪುರ ತಾಲ್ಲೂಕಿನ ಊರು. ವೀಕೆಂಡಿನಲ್ಲಿ ನಂದಿಬೆಟ್ಟ, ಘಾಟಿ ಸುಬ್ರಹ್ಮಣ್ಯ, ಮಾಕಳಿದುರ್ಗ ಅಂತ ಬೈಕೋ ಕಾರೋ ತೆಗೆದುಕೊಂಡು ಹೊರಡುವ ನಮ್ಮಲ್ಲಿ ಹೆಚ್ಚಿನವರು ಆ ಊರಿನ ಸುತ್ತಮುತ್ತಲೇ ಹಾದು ಹೋಗಿರ್ತೀವಿ. ಅಲ್ಲಿ ನಿಲ್ಲಿಸೋಕೆ ನಮಗೆ ಕಾರಣ ಸಿಕ್ಕಿರುವುದಿಲ್ಲ, ಅಷ್ಟೇ. ಬೆಟ್ಟ ಇಲ್ಲ, ಕೋಟೆ ಇಲ್ಲ, ಸೆಲ್ಫಿಗೆ ಬೇಕಾದ ಗೋಪುರ ಇಲ್ಲ. ಕೆರೆ, ಹೊಲ, ತೋಟ, ಮನೆ. ಬಯಲುಸೀಮೆಯ ನೂರು ಹಳ್ಳಿಗಳಂಥದ್ದೇ ಇನ್ನೊಂದು ಹಳ್ಳಿ.

ಈ ಊರಿನಲ್ಲಿ ಬೂದಿಗುಂಟೆ ಅಂತ ಕರೆಯುವ ಒಂದು ಜಾಗ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗದವರು ಪ್ರೊ. ಎಂ.ಎಸ್. ಕೃಷ್ಣಮೂರ್ತಿಯವರ ನೇತೃತ್ವದಲ್ಲಿ 2001ರಲ್ಲಿ, ಆಮೇಲೆ ಮತ್ತೆ 2004ರಲ್ಲಿ ಅಲ್ಲಿ ಉತ್ಖನನ ಮಾಡಿದರು. ಮಣ್ಣಿನ ಕೆಳಗೆ ಸಿಕ್ಕಿದ್ದು ಒಂದು ಬೌದ್ಧ ನೆಲೆ. ಪೂಜೆಗೆ ಸೇರುವ ಚೈತ್ಯ, ಭಿಕ್ಷುಗಳು ತಂಗುವ ವಿಹಾರ, ಎರಡರದ್ದೂ ಅವಶೇಷ. ಜೊತೆಗೆ ಅಂಗೈಯಲ್ಲಿ ಹಿಡಿಯಬಹುದಾದಷ್ಟು ಪುಟ್ಟ ಪುಟ್ಟ ಮಣ್ಣಿನ ಸ್ತೂಪಗಳು, ಒಂದೆರಡಲ್ಲ, ರಾಶಿ ರಾಶಿ. ಹರಕೆ ಹೊತ್ತವರು, ಪುಣ್ಯ ಬಯಸಿದವರು ಮಾಡಿಸಿ ಒಪ್ಪಿಸುತ್ತಿದ್ದ ಸ್ತೂಪಗಳು ಇವು.

ಇದರಲ್ಲಿ ನನ್ನ ನಿದ್ದೆ ಕೆಡಿಸಿದ ವಿವರ ಇನ್ನೊಂದಿದೆ. ಆ ಪುಟಾಣಿ ಸ್ತೂಪಗಳ ಹೊಟ್ಟೆಯೊಳಗೆ ಮಣ್ಣಿನ ಬಿಲ್ಲೆಗಳಿದ್ದವು. ಬಿಲ್ಲೆಗಳ ಮೇಲೆ ಮುದ್ರೆ ಒತ್ತಿದ ಅಕ್ಷರಗಳು. ಬೌದ್ಧರ ತತ್ವದ ಸಾರ ಎನ್ನುವ ಒಂದು ಪುಟ್ಟ ಶ್ಲೋಕ ಅದು: ಜಗತ್ತಿನಲ್ಲಿ ಏನೇ ಹುಟ್ಟಿದರೂ ಅದಕ್ಕೊಂದು ಕಾರಣ ಇರುತ್ತದೆ, ಆ ಕಾರಣವನ್ನೂ ಅದು ಕೊನೆಗೊಳ್ಳುವ ಬಗೆಯನ್ನೂ ತಥಾಗತ ಹೇಳಿದ್ದಾನೆ ಅನ್ನುವುದು ಅದರ ಭಾವ. ಇದೇ ಶ್ಲೋಕವನ್ನು ಒತ್ತಿದ ಮಣ್ಣಿನ ಮುದ್ರೆಗಳು ನಾಲಂದಾದಲ್ಲಿ ಸಿಕ್ಕಿವೆ, ಒಡಿಶಾದಲ್ಲಿ ಸಿಕ್ಕಿವೆ, ಮುಂಬೈ ಪಕ್ಕದ ಕಾನ್ಹೇರಿ ಗುಹೆಗಳಲ್ಲಿ ಸಿಕ್ಕಿವೆ, ಸಮುದ್ರ ದಾಟಿ ಮ್ಯಾನ್ಮಾರ್, ಥಾಯ್ಲೆಂಡಿನಲ್ಲೂ ಸಿಕ್ಕಿವೆ. ಆ ಪಟ್ಟಿಯಲ್ಲಿ ನಮ್ಮ ದೊಡ್ಡಬಳ್ಳಾಪುರದ ಹಳ್ಳಿಯೂ ಒಂದು.

ಸ್ವಲ್ಪ ಯೋಚನೆ ಮಾಡಿ. ಬರೆದದ್ದನ್ನು ಯಾರಾದರೂ ಓದಲಿ ಅಂತ ನಾವು ಬರೀತೀವಿ. ಶಾಸನ ಹಾಕಿಸಿದ ರಾಜನೂ ಕಲ್ಲನ್ನು ಊರ ಮುಂದೆ ನಿಲ್ಲಿಸುತ್ತಾನೆ. ಆದರೆ ಇಲ್ಲಿ ಅಕ್ಷರ ಒತ್ತಿ, ಅದನ್ನು ಹಸಿ ಮಣ್ಣಿನೊಳಗಿಟ್ಟು, ಮೇಲೆ ಸ್ತೂಪ ಮುಚ್ಚಿಬಿಟ್ಟಿದ್ದಾರೆ. ಸ್ತೂಪ ಒಡೆಯದೆ ಅದನ್ನು ಓದೋಕೆ ಆಗುವುದೇ ಇಲ್ಲ. ದೊಡ್ಡ ಸ್ತೂಪದೊಳಗೆ ಬುದ್ಧನ ಅಸ್ಥಿಯೋ ಗುರುಗಳ ಅಸ್ಥಿಯೋ ಇರುವ ಹಾಗೆ, ಈ ಚಿಕ್ಕ ಸ್ತೂಪದೊಳಗೆ ಬುದ್ಧನ ಮಾತನ್ನೇ ಅಸ್ಥಿಯ ಹಾಗೆ ಇಡುತ್ತಿದ್ದರು. ಮಾತು ಅಲ್ಲಿದ್ದರೆ ಸಾಕು, ಓದುವವರು ಬೇಕಿರಲಿಲ್ಲ. ಒಂದೂವರೆ ಸಾವಿರ ವರ್ಷ ಆದ ಮೇಲೆ ಒಡೆದ ಸ್ತೂಪಗಳಿಂದ ಬಿಲ್ಲೆಗಳು ಹೊರಬಂದವು, ಓದಿದ್ದಾಯಿತು.

ಕಾಲ ಹೇಗೆ ಗೊತ್ತಾಯಿತು ಅಂತ ಕೇಳಬಹುದು. ಬಿಲ್ಲೆಯ ಮೇಲೆ ಇಸವಿ ಬರೆದಿರುವುದಿಲ್ಲ. ಆದರೆ ಅಕ್ಷರಕ್ಕೂ ಕಾಲಕಾಲಕ್ಕೆ ಫ್ಯಾಶನ್ ಬದಲಾಗುತ್ತದೆ. ಅಶೋಕನ ಬ್ರಾಹ್ಮಿಯ 'ಕ' ಬರೀ ಒಂದು ಕೂಡಿಸುವ ಚಿಹ್ನೆಯ ಹಾಗಿರುತ್ತದೆ. ಕದಂಬರ, ಗಂಗರ ಕಾಲಕ್ಕೆ ಬರುವಷ್ಟರಲ್ಲಿ ಅದಕ್ಕೆ ತಲೆಕಟ್ಟು ಬಂದು, ಗೆರೆಗಳು ಬಾಗಿ, ಇವತ್ತಿನ ಕನ್ನಡದ 'ಕ'ದ ಕಡೆ ಹೆಜ್ಜೆ ಹಾಕಿರುತ್ತದೆ. ಲಿಪಿಶಾಸ್ತ್ರ ಬಲ್ಲವರು ಈ ತಿರುವುಗಳನ್ನು ನೋಡಿಯೇ ಶತಮಾನ ಹೇಳ್ತಾರೆ. ಅದರ ಜೊತೆಗೆ ಇಟ್ಟಿಗೆಯ ಅಳತೆ, ಮಡಕೆ ಚೂರಿನ ಜಾತಿ, ಯಾವ ಪದರದ ಕೆಳಗೆ ಯಾವ ಪದರ ಇತ್ತು ಅನ್ನುವುದು, ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಹಾಗೆ ಲೆಕ್ಕ ಹಾಕಿದಾಗ ರಾಜಘಟ್ಟದ ಈ ನೆಲೆ ಗಂಗರ ಆಳ್ವಿಕೆಯ ಮೊದಲ ಶತಮಾನಗಳ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಗಂಗರು ಅಂದ ತಕ್ಷಣ ನಮಗೆ ತಲಕಾಡು, ಶ್ರವಣಬೆಳಗೊಳ, ಚಾವುಂಡರಾಯ, ಜೈನಧರ್ಮ ನೆನಪಾಗುತ್ತವೆ. ಆದರೆ ತಲಕಾಡಿಗೆ ಹೋಗುವ ಮುಂಚೆ ಅವರ ಬೇರು ಇದ್ದದ್ದು ಈ ಕಡೆ. ಕುವಲಾಲ ಅಂದರೆ ಇವತ್ತಿನ ಕೋಲಾರ ಅವರ ಮೂಲ ರಾಜಧಾನಿ. ಗಂಗ ಅರಸರ ಬಿರುದುಗಳಲ್ಲಿ ನಂದಗಿರಿನಾಥ ಅನ್ನುವುದೂ ಒಂದು, ಅಂದರೆ ನಂದಿಬೆಟ್ಟದ ಒಡೆಯ. ನೀವು ಸೂರ್ಯೋದಯದ ಫೋಟೋ ತೆಗೆಯೋಕೆ ಹೋಗುವ ಬೆಟ್ಟ ಅವರ ವಿಳಾಸ ಆಗಿತ್ತು. ರಾಜಘಟ್ಟಕ್ಕೆ ದೂರವಲ್ಲದ ಮೇಲೆಕೋಟೆಯಲ್ಲಿ ಸಿಕ್ಕ ಗಂಗರ ಒಂದು ತಾಮ್ರಪಟ, ಅರಸ ಮಾಧವ ಬೌದ್ಧ ವಿಹಾರಕ್ಕೆ ಕೊಟ್ಟ ದಾನವನ್ನು ಹೇಳುತ್ತದೆ. ತಾಮ್ರಪಟ ಸಿಕ್ಕಿದ್ದು ಇಪ್ಪತ್ತನೇ ಶತಮಾನದ ಆರಂಭದ ಮಾತು. ಆಗ ಅದು ಬರೀ ಕಾಗದದ ಮೇಲಿನ ಸುದ್ದಿಯಂತಿತ್ತು. ಬೌದ್ಧರಿಗೆ ದಾನ ಕೊಟ್ಟರಂತೆ, ಸರಿ, ಬೌದ್ಧರು ಎಲ್ಲಿದ್ದರು? ನೂರು ವರ್ಷ ಆದಮೇಲೆ ಬೂದಿಗುಂಟೆಯ ಅಗೆತ ಆ ಸೀಮೆಯಲ್ಲಿ ಬೌದ್ಧರು ನಿಜವಾಗಿ ನೆಲೆಸಿದ್ದರು ಅಂತ ತೋರಿಸಿತು.

ಇದರಿಂದ ಏನಾಯಿತು ಅಂದರೆ, ಕರ್ನಾಟಕದ ಬೌದ್ಧ ನಕ್ಷೆಗೆ ದಕ್ಷಿಣದಲ್ಲಿ ಒಂದು ಗಟ್ಟಿ ಚುಕ್ಕಿ ಬಿತ್ತು. ಅದುವರೆಗೂ ನಾವು ಬೌದ್ಧ ಅಂದರೆ ಉತ್ತರಕ್ಕೆ ನೋಡುತ್ತಿದ್ದೆವು. ಭೀಮಾ ತೀರದ ಸನ್ನತಿ, ಕನಗನಹಳ್ಳಿ. ಅಲ್ಲಿಯ ಮಹಾಸ್ತೂಪದಲ್ಲಿ ಅಶೋಕನ ಹೆಸರು ಬರೆದ ಅವನದೇ ಶಿಲ್ಪ ಸಿಕ್ಕಿತು. ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಗುರುತಿಸಿದ ಅಶೋಕನ ಶಾಸನ. ಆಮೇಲಿನ ಕಾಲದಲ್ಲಿ ಮಂಗಳೂರಿನ ಕದ್ರಿಯಲ್ಲಿ 968ರ ಲೋಕೇಶ್ವರ, ಬಳ್ಳಿಗಾವೆಯಲ್ಲಿ 1065ರ ವಿಹಾರ, ಡಂಬಳದಲ್ಲಿ 1095ರ ತಾರಾದೇವಿಯ ಶಾಸನ. ಈ ಚುಕ್ಕಿಗಳ ನಡುವೆ ಬೆಂಗಳೂರು ಸೀಮೆ ಖಾಲಿ ಉಳಿದಿತ್ತು. ಈಗ ಇಲ್ಲ.

ನಾನು ಮೊದಲ ಸಲ ರಾಜಘಟ್ಟಕ್ಕೆ ಹೋದಾಗ ದಾರಿ ಕೇಳೋಕೆ ಕೆರೆ ಏರಿಯ ಹತ್ತಿರ ಕುರಿ ಬಿಟ್ಟುಕೊಂಡು ಕೂತಿದ್ದ ಒಬ್ಬ ಯಜಮಾನರ ಬಳಿ ನಿಲ್ಲಿಸಿದೆ. ಹಳೇ ಸೈಟು ಎಲ್ಲಿದೆ, ಆ ಅಗೆದಿದ್ದ ಜಾಗ, ಅಂತ ಕೇಳಿದೆ.

"ಸೈಟಾ? ಎಷ್ಟರದ್ದು ನೋಡ್ತಾ ಇದೀರ ಸಾರ್, ಮೂವತ್ತು ನಲವತ್ತಾ?" ಅಂದರು.

ನನಗೆ ನಗು ಬಂತು. ಅಲ್ಲ ಯಜಮಾನ್ರೆ, ಕೊಂಡ್ಕೊಳ್ಳೋಕಲ್ಲ, ಬುದ್ಧನ ಕಾಲದ್ದು ಮಣ್ಣಿನ ಗೊಂಬೆ ಥರದ್ದು ಸಿಕ್ಕಿತ್ತಲ್ಲ, ಮೈಸೂರಿನಿಂದ ಬಂದು ಅಗೆದಿದ್ದರಲ್ಲ, ಅದು ಅಂದೆ.

"ಓ, ಅದಾ? ಅಲ್ಲಿ ಏನೈತೆ ನೋಡೋಕೆ. ಮಣ್ಣೈತೆ. ಸಿಕ್ಕಿದ್ದೆಲ್ಲ ಅವ್ರು ತಗೊಂಡೋದ್ರು" ಅಂತ ಕೈ ತೋರಿಸಿದರು. ಆಮೇಲೆ ಒಂದು ಕ್ಷಣ ಸುಮ್ಮನಿದ್ದು, "ಮೊದ್ಲು ಈ ಕೆರೆ ತುಂಬಿದ್ರೆ ಕೋಡಿ ಬೀಳೋದು. ಅದು ನೋಡೋಕೆ ಚೆನ್ನಾಗಿರೋದು" ಅಂದರು.

ಪುರಾತತ್ವದ ಸೈಟು, ರಿಯಲ್ ಎಸ್ಟೇಟಿನ ಸೈಟು, ಕೋಡಿ ಬೀಳದ ಕೆರೆ. ಆ ಎರಡು ನಿಮಿಷದ ಮಾತಿನಲ್ಲಿ ಯಜಮಾನರು ಮೂರನ್ನೂ ಒಟ್ಟಿಗೆ ತಂದುಬಿಟ್ಟಿದ್ದರು. ವಿಹಾರದ ಕಥೆಯನ್ನು ನೀರಿನ ಕಥೆಯಿಂದ ಬಿಡಿಸಿ ಹೇಳೋಕೆ ಆಗುವುದಿಲ್ಲ ಅಂತ ನನಗೆ ಅನ್ನಿಸಿದ್ದು ಅಲ್ಲಿಂದ.

ಯಾಕೆ ಅಂತ ನೋಡಿ. ಭಿಕ್ಷುಗಳು ಉಳುವುದಿಲ್ಲ, ಅಡುಗೆ ಮಾಡಿಕೊಳ್ಳುವುದಿಲ್ಲ. ಭಿಕ್ಷೆಗೆ ಹೋಗಬೇಕು. ಮಳೆಗಾಲದ ಮೂರು ತಿಂಗಳು ಊರೂರು ಅಲೆಯದೆ ಒಂದೇ ಕಡೆ ತಂಗಬೇಕು ಅನ್ನುವ ನಿಯಮವೂ ಇತ್ತು. ಅಂದಮೇಲೆ ವಿಹಾರ ಇದ್ದ ಕಡೆ, ನಡೆದು ಹೋಗುವ ದೂರದಲ್ಲಿ, ತಮ್ಮ ಹೊಟ್ಟೆ ತುಂಬಿಸಿಕೊಂಡು ಇನ್ನೊಬ್ಬರಿಗೂ ಒಂದು ತುತ್ತು ಕೊಡುವಷ್ಟು ಬೆಳೆಯುವ ಹಳ್ಳಿಗಳಿರಲೇಬೇಕು. ಸ್ತೂಪ ಒತ್ತುವ ಕುಂಬಾರರು, ಇಟ್ಟಿಗೆ ಸುಡುವವರು, ಅಕ್ಷರ ಬಲ್ಲವರು ಇರಬೇಕು. ದೂರದ ಸುದ್ದಿ, ದೂರದ ಶ್ಲೋಕ ತರುವ ದಾರಿ ಇರಬೇಕು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ, ಎಚ್ಎಎಲ್ ವಿಮಾನ ನಿಲ್ದಾಣದ ಹತ್ತಿರ 1965ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಗಂಟೇ ಸಿಕ್ಕಿದೆ. ಅಂದರೆ ಈ ಪ್ರಸ್ಥಭೂಮಿ ರಾಜಘಟ್ಟದ ವಿಹಾರಕ್ಕಿಂತ ಮುಂಚೆಯೇ ಹೊರಗಿನ ಜಗತ್ತಿನ ವ್ಯಾಪಾರದ ದಾರಿಗೆ ಸೇರಿತ್ತು.

ಬೆಳೆ ಇರಬೇಕು ಅಂದರೆ ನೀರು ಇರಬೇಕು. ಈ ಸೀಮೆಯಲ್ಲಿ ಜೀವನದಿ ಇಲ್ಲ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ಅದೂ ಕೆಲವೇ ತಿಂಗಳಲ್ಲಿ. ಅದನ್ನು ಹಿಡಿದಿಡೋಕೆ ಇಲ್ಲಿನ ಜನ ಕಂಡುಕೊಂಡದ್ದು ಕೆರೆ, ಕುಂಟೆ. ಊರ ಹೆಸರುಗಳನ್ನೇ ಗಮನಿಸಿ: ತೂಬಗೆರೆ, ರಾಜಾನುಕುಂಟೆ, ಬೂದಿಗುಂಟೆ. ತೂಬು, ಕೆರೆ, ಕುಂಟೆ ಇಲ್ಲದ ಹೆಸರು ಹುಡುಕುವುದೇ ಕಷ್ಟ. ಹಳೆಯ ಶಾಸನಗಳಲ್ಲಿ ಬಿತ್ತುವಟ್ಟ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆ ಕಟ್ಟಿಸಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಜಮೀನಿನ ಪಾಲು ಅದು. ಅಂದರೆ ಮೆಂಟೆನೆನ್ಸ್ ಬಜೆಟ್ಟನ್ನು ಕಲ್ಲಿನಲ್ಲಿ ಕೆತ್ತಿ ಇಟ್ಟಿದ್ದರು.

ಈ ಕೆರೆಗಳ ಸಾಲು ಸೇರುವುದು ಅರ್ಕಾವತಿಗೆ. ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳನ್ನು ಹಾದು, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ, ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಸೇರುವ ನದಿ. ಬೆಂಗಳೂರಿಗೆ 1890ರ ದಶಕದಲ್ಲಿ ಮೊದಲ ಸಲ ಕೊಳಾಯಿ ನೀರು ಬಂದದ್ದು ಇದೇ ನದಿಯ ಹೆಸರಘಟ್ಟದಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಆಯಿತು. ನಮ್ಮ ಅಜ್ಜಿ ತಾತಂದಿರ ಕಾಲದ ಬೆಂಗಳೂರು ಕುಡಿದದ್ದು ಅರ್ಕಾವತಿಯನ್ನು. ಆಮೇಲೆ ನದಿ ಬತ್ತುತ್ತಾ ಬಂತು, ನಾವು ಕಾವೇರಿಗೆ ಪೈಪು ಹಾಕಿದೆವು, ಅರ್ಕಾವತಿಯ ಹೆಸರು ಲೇಔಟಿನ ಬೋರ್ಡಿಗೆ ಹೋಯಿತು.

ನದಿ ಯಾಕೆ ಬತ್ತಿತು? ಯಾರನ್ನು ಕೇಳಿದರೂ ಥಟ್ಟನೆ ಬರುವ ಉತ್ತರ "ಮಳೆ ಕಡಿಮೆಯಾಯ್ತು" ಅಂತ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಹೊರಗಿನ ಸಹೋದ್ಯೋಗಿಗಳ ಜೊತೆ ಸೇರಿ ಈ ಪ್ರಶ್ನೆಯನ್ನು ಪತ್ತೇದಾರರ ಹಾಗೆ ಹಿಡಿದರು. 2015ರಲ್ಲಿ ಅವರ ಪ್ರಬಂಧ ಹೊರಬಂತು. ಅನುಮಾನ ಇರುವ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ವಿಚಾರಿಸಿದರು: ಮಳೆ, ಬಿಸಿಲು, ಕೊಳವೆಬಾವಿ, ನೀಲಗಿರಿ ತೋಪು, ಹಳ್ಳಗಳಿಗೆ ಅಡ್ಡ ಕಟ್ಟಿದ ಚೆಕ್ ಡ್ಯಾಮುಗಳು. ಮಳೆಯ ದಾಖಲೆ ನೋಡಿದರೆ ಅದು ನದಿ ಬತ್ತುವಷ್ಟು ಕಡಿಮೆಯಾಗಿರಲಿಲ್ಲ. ತಾಪಮಾನ ಏರಿದ್ದೂ ಇಷ್ಟು ದೊಡ್ಡ ನಷ್ಟಕ್ಕೆ ಸಾಲುತ್ತಿರಲಿಲ್ಲ. ಕೊನೆಗೆ ಬೆರಳು ಹೆಚ್ಚು ತೋರಿಸಿದ್ದು ಅಂತರ್ಜಲ ಎತ್ತುವುದರ ಕಡೆಗೆ, ನೀಲಗಿರಿಯ ಕಡೆಗೆ, ಅದರ ಜೊತೆಗೆ ಹಳ್ಳಗಳನ್ನು ತುಂಡು ತುಂಡು ಮಾಡಿದ ಅಡ್ಡಕಟ್ಟೆಗಳ ಕಡೆಗೆ. ಮೊದಲು ನೆಲದೊಳಗಿನ ನೀರು ಒಸರಿ ಹಳ್ಳಕ್ಕೆ ಬರುತ್ತಿತ್ತು. ನೂರಾರು ಅಡಿ ಕೆಳಗೆ ಕೊಳವೆ ಇಳಿಸಿ ಎತ್ತಿದ ಮೇಲೆ ಆ ಒಸರು ನಿಂತಿತು. ಈಗ ಬಿದ್ದ ಮಳೆ ಬಾಯಾರಿದ ನೆಲಕ್ಕೆ ಇಂಗುತ್ತದೆ, ಹಳ್ಳದಲ್ಲಿ ಹರಿಯುವುದಿಲ್ಲ.

ನೀಲಗಿರಿಯ ಕಥೆ ಇನ್ನೂ ಸ್ವಾರಸ್ಯವಾಗಿದೆ. ಭಾರತಕ್ಕೆ ಈ ಆಸ್ಟ್ರೇಲಿಯಾದ ಮರ ಮೊದಲು ಬಂದದ್ದು ಟಿಪ್ಪುವಿನ ಕಾಲದಲ್ಲಿ, ನಂದಿಬೆಟ್ಟಕ್ಕೆ, 1790ರ ಸುಮಾರಿಗೆ ಅಂತ ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕಡೆಯ ರಾಗಿ ಹೊಲಗಳೇ ನೀಲಗಿರಿ ತೋಪಾದವು. ರೈತರನ್ನು ಬೈಯೋಕೆ ಆಗಲ್ಲ. ಕೂಲಿಯಾಳು ಸಿಗಲ್ಲ, ಮಳೆ ಕೈಕೊಡುತ್ತೆ, ಮಕ್ಕಳು ಬೆಂಗಳೂರು ಸೇರಿದ್ದಾರೆ. ನೆಟ್ಟು ಸುಮ್ಮನಿದ್ದರೆ ಕೆಲವು ವರ್ಷಕ್ಕೆ ದುಡ್ಡು. ತೊಂಬತ್ತರ ದಶಕದ ಆರಂಭದಲ್ಲಿ ಇಯಾನ್ ಕಾಲ್ಡರ್ ಎಂಬ ಬ್ರಿಟಿಷ್ ಜಲವಿಜ್ಞಾನಿಯ ತಂಡ ಇದೇ ಜಿಲ್ಲೆಯ ಹೊಸಕೋಟೆಯಲ್ಲಿ ಅಳತೆ ಮಾಡಿತು. ಮೊದಲು ಹೊಲವಾಗಿದ್ದ ಆಳದ ಮಣ್ಣಿನಲ್ಲಿ ಬೆಳೆದ ನೀಲಗಿರಿ, ಆ ವರ್ಷಗಳಲ್ಲಿ ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಬಳಸಿತ್ತು. ಬೇರು ಏಳೆಂಟು ಮೀಟರ್ ಕೆಳಗಿಳಿದು ಹಳೇ ವರ್ಷಗಳ ನೀರನ್ನೂ ಹೀರಿತ್ತು. ಆಳ ಕಡಿಮೆ ಇರುವ ಮಣ್ಣಿನ ಕಡೆ ಅದೇ ಮರ ಊರಿನ ಕಾಡಿನ ಮರಗಳಷ್ಟೇ ನೀರು ಕುಡಿದಿತ್ತು. ಅಂದರೆ ಮರ ಯಾವುದು ಅನ್ನುವಷ್ಟೇ ಮುಖ್ಯ, ಅದನ್ನು ಯಾವ ಮಣ್ಣಿನಲ್ಲಿ ನೆಟ್ಟೆವು ಅನ್ನುವುದು. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಈಗ ತೋಪುಗಳು ಹೋಗ್ತಾ ಇವೆ. ಬಹಳ ಕಡೆ ಅವುಗಳ ಜಾಗಕ್ಕೆ ಬರುತ್ತಿರುವುದು ರಾಗಿಯಲ್ಲ, ಕಾಂಪೌಂಡ್ ಗೋಡೆ.

ಇದೇ ಮಣ್ಣಿನಲ್ಲಿ ಇನ್ನೊಂದು ಜೀವ ಇದೆ. ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವಾಗ ರಾಜಾನುಕುಂಟೆ ಸಿಗುತ್ತಲ್ಲ, ಅದರ ಪಕ್ಕದ ಬುದುಮನಹಳ್ಳಿಯಲ್ಲಿ ಸಿಕ್ಕ ಒಂದು ಕಪ್ಪೆ 2020ರಲ್ಲಿ ವಿಜ್ಞಾನಕ್ಕೆ ಹೊಸ ಪ್ರಭೇದ ಅಂತ ದಾಖಲಾಯಿತು. ಹೆಸರು ಸ್ಫೇರೋಥೀಕಾ ಬೆಂಗಳೂರು. ಹೌದು, ವೈಜ್ಞಾನಿಕ ಹೆಸರಿನಲ್ಲೇ ನಮ್ಮೂರು ಇದೆ. ಮೌಂಟ್ ಕಾರ್ಮೆಲ್ ಕಾಲೇಜಿನ ಪಿ. ದೀಪಕ್, ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಕೆ.ಪಿ. ದಿನೇಶ್ ಮತ್ತು ಸಂಗಡಿಗರು ದೇಹದ ಅಳತೆ, ಡಿಎನ್‌ಎ ಎರಡನ್ನೂ ಹೋಲಿಸಿ ಇದು ಬೇರೆಯೇ ಕಪ್ಪೆ ಅಂತ ತೋರಿಸಿದರು. ಹೊಸ ಕಪ್ಪೆ ಅಂದರೆ ನಾವು ಆಗುಂಬೆಯನ್ನೋ ಕೊಡಗನ್ನೋ ನೆನೆಯುತ್ತೇವೆ. ಇದು ಸಿಕ್ಕಿದ್ದು ನಮ್ಮ ಡ್ರೈವಿನ ದಾರಿಯ ಬಯಲಿನಲ್ಲಿ.

ಈ ಜಾತಿಯ ಕಪ್ಪೆಗಳು ನೆಲ ತೋಡುವ ಕಪ್ಪೆಗಳು. ಹಿಂಗಾಲಿನಲ್ಲಿ ಸನಿಕೆಯ ಹಾಗೆ ಒಂದು ಗಟ್ಟಿ ಗಂಟಿರುತ್ತದೆ. ಅದರಿಂದ ಮಣ್ಣನ್ನು ಕೆದರುತ್ತಾ ಹಿಂದೆ ಹಿಂದೆ ಸರಿದು ಒಳಗಿಳಿಯುತ್ತವೆ. ಬೇಸಿಗೆಯೆಲ್ಲಾ ಅಲ್ಲೇ. ಮೊದಲ ಮಳೆ ನೆಲಕ್ಕೆ ಇಳಿದಾಗ ಹೊರಗೆ ಬಂದು ಗಂಟಲು ಬಿಚ್ಚುತ್ತವೆ. ಕೆಲವೇ ವಾರ ನೀರು ನಿಲ್ಲುವ ಗುಂಡಿಯಲ್ಲಿ ಸಂಸಾರ ಮುಗಿಸಬೇಕು. ಅವಕ್ಕೆ ಬೇಕಾದದ್ದು ಎರಡೇ: ತೋಡೋಕೆ ಆಗುವಂಥ ಮೆತ್ತನೆ ಮಣ್ಣು, ಮಳೆಗಾಲದಲ್ಲಿ ತುಂಬುವ ಕುಂಟೆ. ಕಾಂಕ್ರೀಟ್ ಹಾಕಿದ ನೆಲದ ಕೆಳಗೆ ಮಲಗಿದ್ದ ಕಪ್ಪೆಗೆ ಮಳೆ ಬಂದದ್ದು ಗೊತ್ತೇ ಆಗುವುದಿಲ್ಲ.

ಬೌದ್ಧ ಬಿಲ್ಲೆ, ಬತ್ತಿದ ನದಿ, ಕಪ್ಪೆ ಅಂತ ಒಂದಕ್ಕೊಂದು ಸಂಬಂಧ ಇಲ್ಲದ್ದನ್ನು ಯಾಕೆ ಗಂಟು ಹಾಕ್ತಿದ್ದೀನಿ ಅಂತ ಕೇಳಬಹುದು. ಮೂರರಲ್ಲೂ ನನಗೆ ಕಾಣಿಸುವುದು ಒಂದೇ ವಿಷಯ. ಈ ಸೀಮೆಯ ಬಗ್ಗೆ ನಾವು ತಿಳಿದುಕೊಂಡದ್ದೆಲ್ಲ, ಯಾರ ಕಣ್ಣಿಗೂ ಬೀಳದ ಮೇಲಿನ ನಾಲ್ಕಾರು ಮೀಟರ್ ಮಣ್ಣಿನಿಂದ ಬಂದದ್ದು. ಹಂಪಿಯ ಹಾಗೆ ಇಲ್ಲಿ ಇತಿಹಾಸ ಕಲ್ಲಾಗಿ ಎದ್ದು ನಿಂತಿಲ್ಲ. ಬಂಡೀಪುರದ ಹಾಗೆ ಇಲ್ಲಿನ ಕಾಡುಪ್ರಾಣಿಗೆ ಸಫಾರಿ ಜೀಪು ಇಲ್ಲ. ಇಲ್ಲಿರುವುದೆಲ್ಲ ಖಾಲಿ ಜಾಗದ ಹಾಗೆ ಕಾಣುತ್ತದೆ. ಖಾಲಿ ಜಾಗ ಅಂದ ತಕ್ಷಣ ನಮ್ಮೂರಿನಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತು.

ದೊಡ್ಡಬಳ್ಳಾಪುರವನ್ನು ಹಾದು ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಬಂದಿದೆ. ಪಕ್ಕದ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಇದೆ, ಐಫೋನ್ ಜೋಡಿಸುವ ಫ್ಯಾಕ್ಟರಿ ಇದೆ. ಕೈಗಾರಿಕೆ ಬೇಡ, ರಸ್ತೆ ಬೇಡ ಅನ್ನುವ ಮಾತು ನನ್ನದಲ್ಲ. ಅದೇ ರಸ್ತೆಯಲ್ಲೇ ನಾನು ರಾಜಘಟ್ಟಕ್ಕೆ ಹೋಗುವುದು, ಅಂಥದ್ದೇ ಆಫೀಸಿನಲ್ಲಿ ಕೂತು ನನ್ನ ಇಎಂಐ ಕಟ್ಟುವುದು. ನನ್ನ ಚಿಂತೆ ಬೇರೆ. ಒಂದು ಗುಡ್ಡೆ ಮಣ್ಣನ್ನು ಜೆಸಿಬಿ ಎತ್ತಿ ಟಿಪ್ಪರಿಗೆ ಹಾಕೋಕೆ ಒಂದು ಮಧ್ಯಾಹ್ನ ಸಾಕು. ಅದೇ ಗುಡ್ಡೆಯನ್ನು ಪುರಾತತ್ವದವರು ಅಗೆಯೋಕೆ ವರ್ಷಗಳು ಹಿಡಿಯುತ್ತವೆ, ಯಾಕಂದರೆ ಅವರು ಕುಂಚ ಹಿಡಿದು, ಒಂದೊಂದು ಪದರವನ್ನೂ ಬರೆದುಕೊಂಡು, ಚಿತ್ರ ತೆಗೆದು ಇಳಿಯಬೇಕು. ಮಡಕೆಯ ಚೂರು ಸಿಕ್ಕಿದರೆ ಸಾಲದು, ಅದು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಅನ್ನುವುದರಲ್ಲೇ ಅದರ ಅರ್ಥ ಇರುವುದು. ಟಿಪ್ಪರಿನಲ್ಲಿ ಕಲಸಿದ ಮಣ್ಣಿನಲ್ಲಿ ಚೂರು ಉಳಿಯಬಹುದು, ಅರ್ಥ ಉಳಿಯುವುದಿಲ್ಲ.

ಬಳ್ಳಾರಿ, ರಾಯಚೂರು ಕಡೆಯ ಬೂದಿದಿಬ್ಬಗಳ ಗತಿ ನೋಡಿ. ನಾಲ್ಕೈದು ಸಾವಿರ ವರ್ಷದ ಹಿಂದೆ ದನ ಸಾಕುತ್ತಿದ್ದ ಜನ ಸಗಣಿ ರಾಶಿ ಸುಟ್ಟು ಆದ ದಿಬ್ಬಗಳು ಅವು. ಅದನ್ನು ಅರ್ಥ ಮಾಡಿಕೊಳ್ಳೋಕೆ ರಾಬರ್ಟ್ ಬ್ರೂಸ್ ಫೂಟ್‌ನಿಂದ ಹಿಡಿದು ಎಫ್.ಆರ್. ಆಲ್ಚಿನ್, ಕೆ. ಪದ್ದಯ್ಯನವರ ತನಕ ಮೂರ್ನಾಲ್ಕು ತಲೆಮಾರಿನ ವಿದ್ವಾಂಸರು ಬೇಕಾದರು. ಅಷ್ಟರೊಳಗೆ ಎಷ್ಟೋ ದಿಬ್ಬಗಳು ಗೊಬ್ಬರ ಅಂತ ಗಾಡಿಯಲ್ಲಿ ಹೊಲಕ್ಕೆ ಹೋಗಿದ್ದವು. ಯಾರಿಗೂ ದುರುದ್ದೇಶ ಇರಲಿಲ್ಲ. ಅದು ಏನು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಕಾನೂನು ಇಲ್ಲ ಅಂತಲ್ಲ. ಕೇಂದ್ರದ್ದು 1958ರ ಕಾಯಿದೆ ಇದೆ, ರಾಜ್ಯದ್ದು 1961ರದ್ದಿದೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಕಟ್ಟಡ ಕಟ್ಟುವಂತಿಲ್ಲ ಅಂತ 2010ರ ತಿದ್ದುಪಡಿ ಹೇಳುತ್ತದೆ. ಆದರೆ ಈ ಕಾಯಿದೆಗಳೆಲ್ಲ ಕಾಯುವುದು ಪಟ್ಟಿಯಲ್ಲಿ ಹೆಸರು ಇರುವುದನ್ನು. ಯಾರೂ ಅಗೆಯದ, ಪಟ್ಟಿಗೆ ಸೇರದ ದಿಬ್ಬಕ್ಕೆ ಕಾವಲು ಅಂದರೆ ಊರಿನವರ ತಿಳಿವಳಿಕೆ ಒಂದೇ.

ಆ ತಿಳಿವಳಿಕೆ ಬೆಳೆದರೆ ಏನಾಗಬಹುದು ಅನ್ನುವುದಕ್ಕೆ ನಮ್ಮ ನಡುವೆಯೇ ಉದಾಹರಣೆ ಇದೆ. ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ತಂದಿದ್ದರು. ನೂರು ವರ್ಷ ಆದಮೇಲೆ ಆ ಕಲ್ಲುಗಳು ಎಲ್ಲಿವೆ ಅಂತ ಹುಡುಕಿಕೊಂಡು ಹೊರಟದ್ದು ಇಂಜಿನಿಯರಿಂಗ್ ಓದಿದ ಪಿ.ಎಲ್. ಉದಯಕುಮಾರ್ ಮತ್ತು ಅವರ ಜೊತೆ ಸೇರಿದ ಸಾಮಾನ್ಯ ನಾಗರಿಕರು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸದ ಮಣ್ಣಿನ ನಡುವೆ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂತು, ಊರಿನವರು ಅದಕ್ಕೆ ಮಂಟಪ ಕಟ್ಟಿದರು. ಆಮೇಲೆ ಮಿಥಿಕ್ ಸೊಸೈಟಿಯ ಯೋಜನೆಯಲ್ಲಿ ಶಾಸನಗಳ ತ್ರೀಡಿ ಸ್ಕ್ಯಾನ್ ನಡೆಯಿತು. ಕಲ್ಲು ನಾಳೆ ಹೋದರೂ ಅಕ್ಷರ ಉಳಿಯುತ್ತದೆ. ಲ್ಯಾಪ್‌ಟಾಪ್ ಹಿಡಿದ ನಮ್ಮಂಥವರಿಗೆ ಇದರಲ್ಲಿ ಮಾಡೋಕೆ ಕೆಲಸ ಬೇಕಾದಷ್ಟಿದೆ.

ಕಲ್ಲನ್ನು ಸ್ಕ್ಯಾನ್ ಮಾಡಬಹುದು. ಅಗೆಯದ ಮಣ್ಣನ್ನು ಸ್ಕ್ಯಾನ್ ಮಾಡೋಕೆ ಆಗಲ್ಲ. ಅದನ್ನು ಹಾಗೇ ಬಿಡುವುದೊಂದೇ ದಾರಿ. ಅದಕ್ಕೆ ಎಲ್ಲೆಲ್ಲಿ ಬಿಡಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ಲೇಔಟಿನ ನಕ್ಷೆ ಮಾಡುವಾಗ ಪಾರ್ಕಿಗೆ ಜಾಗ ಬಿಡ್ತೀವಿ, ರಾಜಕಾಲುವೆಗೆ ಬಿಡಲೇಬೇಕು ಅಂತ ನಿಯಮ ಇದೆ. ಒಂದು ಹಳೇ ದಿಬ್ಬ, ಒಂದು ಕುಂಟೆ, ಅದರ ಸುತ್ತ ನಾಲ್ಕು ಗುಂಟೆ ಬಯಲು, ಇದನ್ನು ಆ ನಕ್ಷೆಯೊಳಗೇ ಪಾರ್ಕು ಅಂತ ಗುರುತು ಹಾಕಿದರೆ ಬಿಲ್ಡರಿಗೆ ನಷ್ಟ ಇಲ್ಲ, ಇತಿಹಾಸಕ್ಕೂ ಕಪ್ಪೆಗೂ ಒಟ್ಟಿಗೇ ಜಾಗ ಸಿಗುತ್ತದೆ. ಈ ಮಾತನ್ನು ಗ್ರಾಮ ಪಂಚಾಯಿತಿಯಲ್ಲಿ, ಯೋಜನಾ ಪ್ರಾಧಿಕಾರದಲ್ಲಿ ಯಾರಾದರೂ ಎತ್ತಬೇಕಷ್ಟೇ. ಆ ಕಡೆ ಸೈಟು ಕೊಳ್ಳುತ್ತಿರುವವರು ನಾವೇ ಆದ್ದರಿಂದ, ಬ್ರೋಕರ್ ಎದುರು ನೀರು, ಕರೆಂಟು, ಖಾತಾ ಅಂತ ಕೇಳುವ ಪ್ರಶ್ನೆಗಳ ಜೊತೆಗೆ ಇಲ್ಲಿ ಮೊದಲು ಏನಿತ್ತು ಅಂತ ಇನ್ನೊಂದನ್ನು ಸೇರಿಸಿ ಕೇಳೋಕೆ ನಮಗೇನೂ ಖರ್ಚಿಲ್ಲ.

ರಾಜಘಟ್ಟದಲ್ಲಿ ಹರಕೆಯ ಸ್ತೂಪ ಒಪ್ಪಿಸಿದವರ ಹೆಸರು ನಮಗೆ ಗೊತ್ತಿಲ್ಲ. ರಾಜರ ಹೆಸರು ತಾಮ್ರಪಟದಲ್ಲಿದೆ, ವೀರರ ಹೆಸರು ಕಲ್ಲಿನಲ್ಲಿದೆ. ಇವರು ಸುತ್ತಲಿನ ಹಳ್ಳಿಯ ರೈತರೋ, ದಾರಿಯಲ್ಲಿ ತಂಗಿದ ವ್ಯಾಪಾರಿಗಳೋ, ಮಗುವಿಗೆ ಜ್ವರ ಬಿಟ್ಟರೆ ಸಾಕು ಅಂತ ಬೇಡಿಕೊಂಡ ತಾಯಂದಿರೋ ಇರಬಹುದು. ಯಾರಾದರೂ ಓದಲಿ ಅನ್ನುವ ಆಸೆ ಇಲ್ಲದೆ ಒಂದು ಒಳ್ಳೆಯ ಮಾತನ್ನು ಮಣ್ಣಿಗೆ ಒಪ್ಪಿಸಿ ಹೋದರು. ಸಾವಿರದೈನೂರು ವರ್ಷ ಮಳೆ, ಬಿಸಿಲು, ನೇಗಿಲು ಎಲ್ಲ ದಾಟಿಸಿ ಆ ಮಣ್ಣು ಅದನ್ನು ನಮ್ಮ ಕೈಗೆ ಕೊಟ್ಟಿತು.